ಸೆಕ್ಟರ್ 4194304ಕ್ಕೆ ಎಲ್‌ಸೀಕ್ ಸೋಲುತ್ತದೆ, 8388608ರಿಂದ ಮುಂದೆ ತಪ್ಪು ಮಾಹಿತಿ ಬರುತ್ತದೆ

ಅಡಿಕೆಸೀಮೆ (ಶಿರಸಿ):

ಅಡಿಕೆ ಗೋದಾಮೊಂದರ ಸಿಸಿಟಿವಿ ರೆಕಾರ್ಡರಿನಿಂದ ತೆಗೆದ 1 ಟಿಬಿ ಹಾರ್ಡ್‌ಡಿಸ್ಕ್ ಇದೆ. ರೆಕಾರ್ಡರಿನ ಫೈಲ್‌ಸಿಸ್ಟಮ್ ಲಿನಕ್ಸ್‌ಗೆ ಗುರುತು ಸಿಗುವುದಿಲ್ಲ, ಮೌಂಟ್ ಆಗುವುದಿಲ್ಲ. ಹಾಗಾಗಿ ಡಿವೈಸನ್ನೇ ನೇರವಾಗಿ ತೆರೆದು ಸೆಕ್ಟರ್‌ವಾರು (512 ಬೈಟಿನ ತುಂಡುಗಳಲ್ಲಿ) ಓದಿ, ಎಚ್.264 ವಿಡಿಯೊ ಶುರುವಾಗುವ 00 00 00 01 67 ಎಂಬ ಬೈಟುಗಳನ್ನು ಹುಡುಕುವ ಸಿ ಪ್ರೋಗ್ರಾಂ ಬರೆದಿದ್ದೇನೆ.

ಯಂತ್ರ ರಾಸ್ಪ್‌ಬೆರಿ ಪೈ 4, ಡಿಸ್ಕ್ ಯುಎಸ್‌ಬಿ ಡಾಕ್‌ನಲ್ಲಿದೆ. ಒಟ್ಟು ಸೆಕ್ಟರ್ 1953525168. ಓಪನ್ ಸರಿಯಾಗಿ ಆಗುತ್ತದೆ. ಸೆಕ್ಟರ್ 0ಯಿಂದ 4194303ರ ತನಕ ಎಲ್ಲ ಸರಿ. 4194304ಕ್ಕೆ ಎಲ್‌ಸೀಕ್ (ಓದುವ ಸ್ಥಾನ ಬದಲಿಸುವ ಕರೆ) -1 ಕೊಡುತ್ತದೆ, ಎರ‍್ನೊ (ದೋಷದ ಸಂಖ್ಯೆ) 22, "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್". ಅದನ್ನು ಬಿಟ್ಟು ಮುಂದೆ ಹೋಗುವಂತೆ ಮಾಡಿದರೆ 8388607ರ ತನಕ ಅದೇ ದೋಷ. 8388608ರಿಂದ ಮತ್ತೆ ಓದುತ್ತದೆ, ಆದರೆ ಬರುವುದು ಡಿಸ್ಕಿನ ಮೊದಲ ಸೆಕ್ಟರಿನ ಮಾಹಿತಿ. ಕೊನೆಯ ಎರಡು ಬೈಟು 55 ಎಎ (ಬೂಟ್ ಸೆಕ್ಟರಿನ ಗುರುತು) ಇರುವುದರಿಂದ ಗೊತ್ತಾಯಿತು.

ಸೆಕ್ಟರ್ ಸಂಖ್ಯೆ ಇಂಟ್‌ನಲ್ಲಿದೆ (32 ಬಿಟ್ ಪೂರ್ಣಾಂಕ). ಅದನ್ನು 512ರಿಂದ ಗುಣಿಸಿ ಎಲ್‌ಸೀಕ್‌ಗೆ ಕೊಡುತ್ತೇನೆ. ಗುಣಿಸುವ ಮೊದಲು ಆಫ್_ಟಿ (ಫೈಲಿನೊಳಗಿನ ಸ್ಥಾನದ ಟೈಪ್) ಎಂದು ಕಾಸ್ಟ್ ಮಾಡಿದೆ, ಅಂದರೆ ಟೈಪ್ ಬದಲಿಸಿದೆ, ಏನೂ ಬದಲಾಗಲಿಲ್ಲ. ಯೂನೇಮ್ -ಎಂ ಕೊಟ್ಟರೆ ಎಎ ಆರ್ಚ್ 64 ಎಂದೇ ತೋರಿಸುತ್ತದೆ, ಅಂದಮೇಲೆ 64 ಬಿಟ್ ಸಮಸ್ಯೆ ಇರಬಾರದಲ್ಲ? ಡಿಸ್ಕ್ ಹಾಳಾಗಿದೆಯೇ, ಡಾಕ್ ಹಾಳಾಗಿದೆಯೇ?

ಕಾಳಿದಂಡೆ (ಕಾರವಾರ):

ಡಿಸ್ಕೂ ಸರಿ ಇದೆ, ಡಾಕೂ ಸರಿ ಇದೆ. ನೀವು ಕೊಟ್ಟ ಎರಡು ಸಂಖ್ಯೆಗಳೇ ಉತ್ತರ ಹೇಳುತ್ತಿವೆ. 4194304 ಸೆಕ್ಟರ್ ಅಂದರೆ 2147483648 ಬೈಟು, ಅದು 2ರ 31ನೇ ಘಾತ. 8388608 ಸೆಕ್ಟರ್ ಅಂದರೆ 4294967296 ಬೈಟು, 2ರ 32ನೇ ಘಾತ. ಹಾಳಾದ ಡಿಸ್ಕ್ ಇಷ್ಟು ಕರಾರುವಾಕ್ಕಾಗಿ ಎರಡರ ಘಾತದ ಗಡಿಯಲ್ಲಿ ಕೈಕೊಡುವುದಿಲ್ಲ.

ಇನ್ನೊಂದು ಮಾತು ಮೊದಲೇ ತಿಳಿದಿರಲಿ: ಎಲ್‌ಸೀಕ್ ಡಿಸ್ಕನ್ನು ಮುಟ್ಟುವುದೇ ಇಲ್ಲ. ತೆರೆದಿರುವ ಈ ಡಿವೈಸಿನ ಸ್ಥಾನ ಇಂತಿಷ್ಟು ಎಂದು ಕರ್ನಲ್ ಒಂದು ಸಂಖ್ಯೆ ಬರೆದಿಟ್ಟುಕೊಳ್ಳುತ್ತದೆ, ಅಷ್ಟೆ. ಡಿಸ್ಕಿನ ತಲೆ ಅಲ್ಲಾಡುವುದು ರೀಡ್ ಕರೆದಾಗ. ಆದ್ದರಿಂದ ಎಲ್‌ಸೀಕ್ ದೋಷ ಕೊಟ್ಟಿತು ಅಂದರೆ ನೀವು ಕೊಟ್ಟ ಸಂಖ್ಯೆಯನ್ನೇ ಅನುಮಾನಿಸಬೇಕು. ಕೆಟ್ಟ ಸೆಕ್ಟರ್ ಇದ್ದರೆ ರೀಡ್‌ನಲ್ಲಿ ಎರ‍್ನೊ 5 ಬರುತ್ತದೆ, ಎಲ್‌ಸೀಕ್‌ನಲ್ಲಿ 22 ಅಲ್ಲ.

ಈಗ ಯೂನೇಮ್ ವಿಷಯ. ಪೈ 4ರಲ್ಲಿ 32 ಬಿಟ್ ರಾಸ್ಪ್‌ಬೆರಿ ಪೈ ಓಎಸ್ ಹಾಕಿದರೂ 2023ರಿಂದ ಈಚೆಗೆ ಕರ್ನಲ್ ಮಾತ್ರ 64 ಬಿಟ್‌ನದ್ದೇ ಏಳುತ್ತದೆ. ಯೂನೇಮ್ ಹೇಳುವುದು ಕರ್ನಲ್ ಬಗ್ಗೆ. ಜಿಸಿಸಿ (ಕಂಪೈಲರ್), ಜಿಲಿಬ್‌ಸಿ (ಸಿ ಲೈಬ್ರರಿ), ನಿಮ್ಮ ಪ್ರೋಗ್ರಾಂ ಮೂರೂ 32 ಬಿಟ್‌ನವೇ. "ಗೆಟ್‌ಕಾನ್ಫ್ ಲಾಂಗ್_ಬಿಟ್" ಕೊಟ್ಟು ನೋಡಿ, 32 ಬರುತ್ತದೆ. ಅಥವಾ ನಿಮ್ಮ ಎಕ್ಸಿಕ್ಯೂಟಬಲ್ ಮೇಲೆ "ಫೈಲ್" ಆಜ್ಞೆ ಓಡಿಸಿದರೆ ಇಎಲ್‌ಎಫ್ 32 ಬಿಟ್ ಎನ್ನುತ್ತದೆ.

ನಿಮ್ಮ ಕಾಸ್ಟ್ ಯಾಕೆ ಕೆಲಸ ಮಾಡಲಿಲ್ಲ ಎನ್ನುವುದಕ್ಕೂ ಕಾರಣ ಇದೇ. 32 ಬಿಟ್ ಜಿಲಿಬ್‌ಸಿಯಲ್ಲಿ ಕೇಳದ ಹೊರತು ಆಫ್_ಟಿ ಕೂಡ 32 ಬಿಟ್ಟೇ. ಇಂಟ್ ಉಕ್ಕುವ ಬದಲು ಆಫ್_ಟಿ ಉಕ್ಕಿತು, ಪಾತ್ರೆಯ ಅಳತೆ ಬದಲಾಗಲಿಲ್ಲ. 2147483648 ಅದರಲ್ಲಿ -2147483648 ಆಗಿ ಕೂರುತ್ತದೆ, ಋಣ ಸ್ಥಾನಕ್ಕೆ ಹೋಗು ಅಂದರೆ ಕರ್ನಲ್ 22 ಕೊಡುತ್ತದೆ. 4294967296ಕ್ಕೆ ಬಂದಾಗ ಕೆಳಗಿನ 32 ಬಿಟ್ ಪೂರ್ತಿ ಸೊನ್ನೆ, ಹಾಗಾಗಿ ಸೆಕ್ಟರ್ 0. ಲಾಂಗ್ ಲಾಂಗ್‌ಗೆ ಕಾಸ್ಟ್ ಮಾಡಿದ್ದರೂ ಗುಣಾಕಾರ ಸರಿಬರುತ್ತಿತ್ತು, ಎಲ್‌ಸೀಕ್‌ಗೆ ದಾಟಿಸುವಾಗ ಮತ್ತೆ ಕತ್ತರಿಸಿಹೋಗುತ್ತಿತ್ತು.

ಓಪನ್ ಯಾಕೆ ತಕರಾರು ಮಾಡಲಿಲ್ಲ? 2 ಜಿಬಿ ದಾಟಿದ ಸಾಮಾನ್ಯ ಫೈಲಾಗಿದ್ದರೆ 32 ಬಿಟ್ ಓಪನ್‌ನಲ್ಲೇ ಎರ‍್ನೊ 75, "ವ್ಯಾಲ್ಯೂ ಟೂ ಲಾರ್ಜ್" ಬಂದು ನಿಮಗೆ ಆಗಲೇ ಸುಳಿವು ಸಿಗುತ್ತಿತ್ತು. ಬ್ಲಾಕ್ ಡಿವೈಸಿಗೆ (ಡಿಸ್ಕಿನಂಥದಕ್ಕೆ) ಮಾತ್ರ ಲಿನಕ್ಸ್ ಕರ್ನಲ್ ತಾನಾಗಿ ದೊಡ್ಡ ಫೈಲಿನ ಫ್ಲ್ಯಾಗ್ ಹಾಕಿಕೊಳ್ಳುತ್ತದೆ, ಡಿಸ್ಕ್ ಫಾರ್ಮ್ಯಾಟ್ ಮಾಡುವ ಹಳೆಯ ಎಂಕೆಎಫ್‌ಎಸ್‌ನಂಥ ಪ್ರೋಗ್ರಾಂಗಳು ನಿಂತುಹೋಗಬಾರದೆಂದು. ಬಾಗಿಲು ತೆರೆದುಕೊಳ್ಳುತ್ತದೆ, ಒಳಗೆ ನಡೆದ ಮೇಲೆ ಎಡವುತ್ತೀರಿ.

ಸರಿಪಡಿಸುವುದು ಹೀಗೆ. ಕಂಪೈಲ್ ಮಾಡುವಾಗ ಜಿಸಿಸಿಗೆ -ಡಿ ಜೊತೆ _ಫೈಲ್_ಆಫ್‌ಸೆಟ್_ಬಿಟ್ಸ್=64 ಕೊಡಿ. ಮ್ಯಾಕ್ರೊ ಪೂರ್ತಿ ದೊಡ್ಡಕ್ಷರದಲ್ಲಿ, ಮುಂದೊಂದು ಅಂಡರ್‌ಸ್ಕೋರ್. ಸೋರ್ಸ್ ಒಳಗೇ ಡಿಫೈನ್ ಮಾಡುತ್ತೀರಾದರೆ ಅದು ಮೊಟ್ಟಮೊದಲ ಇನ್‌ಕ್ಲೂಡ್‌ಗಿಂತ ಮೇಲಿರಬೇಕು. ಎಸ್‌ಟಿಡಿಐಒ ಹೆಡರ್ ಕೆಳಗೆ ಬರೆದರೆ ಯಾವ ಎಚ್ಚರಿಕೆಯೂ ಇಲ್ಲದೆ ನಿಷ್ಫಲವಾಗುತ್ತದೆ, ಏಕೆಂದರೆ ಆಫ್_ಟಿಯ ಅಗಲ ಅಷ್ಟರಲ್ಲಿ ನಿರ್ಧಾರವಾಗಿಹೋಗಿರುತ್ತದೆ. ನನ್ನ ಸಲಹೆ ಮೇಕ್‌ಫೈಲಿನಲ್ಲೇ ಇಡಿ ಎಂದು. ಎರಡು ಸಿ ಫೈಲಿದ್ದು ಒಂದಕ್ಕೆ ಮಾತ್ರ ಮ್ಯಾಕ್ರೊ ಸಿಕ್ಕರೆ, ಒಂದು ಕಡೆ ಆಫ್_ಟಿ 8 ಬೈಟು, ಇನ್ನೊಂದು ಕಡೆ 4 ಬೈಟು ಆಗಿ, ನಡುವಿನ ಫಂಕ್ಷನ್ ಕರೆಗಳಲ್ಲಿ ಕಸ ದಾಟುತ್ತದೆ. ಅದನ್ನು ಹುಡುಕುವುದು ಈಗಿನದಕ್ಕಿಂತ ಎಷ್ಟೋ ಕಷ್ಟ. ಆಫ್_ಟಿಯ ಸೈಜ್‌ಆಫ್ 8 ಇಲ್ಲದಿದ್ದರೆ ಕಂಪೈಲೇ ಆಗದಂತೆ ಒಂದು ಸ್ಟ್ಯಾಟಿಕ್ ಅಸರ್ಟ್ ಹಾಕಿಬಿಡಿ.

ಮ್ಯಾಕ್ರೊ ಬಂದಮೇಲೂ ನಿಮ್ಮ ಕಾಸ್ಟ್ ಬೇಕೇ ಬೇಕು. ಇಂಟ್ ಗುಣಿಸು ಇಂಟ್ ಮೊದಲು 32 ಬಿಟ್‌ನಲ್ಲಿ ಉಕ್ಕಿ, ಆಮೇಲೆ ಅಗಲವಾದರೆ ಪ್ರಯೋಜನವಿಲ್ಲ. ಕಾಸ್ಟ್ ಸೆಕ್ಟರ್ ಮೇಲಿರಲಿ, ಆವರಣ ಹಾಕಿದ ಗುಣಲಬ್ಧದ ಮೇಲಲ್ಲ.

ಕೊನೆಯದಾಗಿ, ದಯವಿಟ್ಟು ಓ_ಆರ್‌ಡಿಓನ್ಲಿ ಫ್ಲ್ಯಾಗ್‌ನಲ್ಲೇ ತೆರೆಯಿರಿ, ಅದಕ್ಕೂ ಮೊದಲು "ಬ್ಲಾಕ್‌ಡೆವ್ --ಸೆಟ್‌ಆರ್‌ಒ" ಕೊಟ್ಟು ಡಿವೈಸಿಗೇ ಬೀಗ ಹಾಕಿ. ಇದೇ ದೋಷ ಬರೆಯುವ ಪ್ರೋಗ್ರಾಂನಲ್ಲಿ ಇದ್ದಿದ್ದರೆ 4 ಜಿಬಿ ಗಡಿ ದಾಟಿದ ಮೊದಲ ಬರವಣಿಗೆಯೇ ಪಾರ್ಟಿಷನ್ ಟೇಬಲನ್ನು ಅಳಿಸುತ್ತಿತ್ತು, ಅದೂ "ಯಶಸ್ವಿ" ಎಂಬ ರಿಟರ್ನ್ ಮೌಲ್ಯದೊಂದಿಗೆ.

ಕುಮಟೆ_ಸಿ (ಕುಮಟಾ):

ಮೇಲಿನದಕ್ಕೆ ಎರಡು ಸೇರಿಕೆ.

ಯಾರಾದರೂ ಇದೇ ಕೆಲಸವನ್ನು ಎಫ್‌ಓಪನ್, ಎಫ್‌ಸೀಕ್‌ನಲ್ಲಿ ಮಾಡುತ್ತಿದ್ದರೆ ಮ್ಯಾಕ್ರೊ ಒಂದರಿಂದ ಬಗೆಹರಿಯುವುದಿಲ್ಲ. ಎಫ್‌ಸೀಕ್ ತೆಗೆದುಕೊಳ್ಳುವುದು ಲಾಂಗ್, ಅದು 32 ಬಿಟ್ ಪ್ರೋಗ್ರಾಂನಲ್ಲಿ ಯಾವತ್ತೂ 32 ಬಿಟ್. ಎಫ್‌ಸೀಕ್‌ಒ, ಎಫ್‌ಟೆಲ್‌ಒ ಬಳಸಬೇಕು.

ಇನ್ನೊಂದು, ಡಿಸ್ಕಿನ ಗಾತ್ರ ತಿಳಿಯುವ ಬಗೆ. ಎಫ್‌ಸ್ಟ್ಯಾಟ್ ಮಾಡಿ ಎಸ್‌ಟಿ_ಸೈಜ್ ನೋಡಿದರೆ ಬ್ಲಾಕ್ ಡಿವೈಸಿಗೆ 0 ಬರುತ್ತದೆ, ಡಿಸ್ಕ್ ಖಾಲಿ ಅಂತ ಗಾಬರಿಯಾಗಬೇಡಿ. ಲಿನಕ್ಸ್‌ನಲ್ಲಿ ಡಿವೈಸನ್ನು ವಿಚಾರಿಸುವ ಐಆಕ್ಟಲ್ ಕರೆಗೆ ಬಿಎಲ್‌ಕೆ ಗೆಟ್‌ಸೈಜ್ 64 ಕೊಟ್ಟು ಬೈಟುಗಳಲ್ಲಿ ಗಾತ್ರ ಪಡೆಯಿರಿ, 64 ಬಿಟ್ ಅನ್‌ಸೈನ್ಡ್ ವೇರಿಯಬಲ್‌ಗೆ. ಕೊನೆಯಲ್ಲಿ 64 ಇಲ್ಲದ ಹಳೆಯ ಬಿಎಲ್‌ಕೆ ಗೆಟ್‌ಸೈಜ್ ಬೇರೆ, ಅದು 512 ಬೈಟಿನ ಲೆಕ್ಕದಲ್ಲಿ ಸೆಕ್ಟರ್ ಎಣಿಕೆ ಕೊಡುತ್ತದೆ. ಇವೆರಡನ್ನು ಅದಲುಬದಲು ಮಾಡಿ 512 ಪಟ್ಟು ತಪ್ಪಿದ ಕೋಡ್ ಬಹಳ ಕಡೆ ಕಾಣುತ್ತದೆ. ಸೀಕ್_ಎಂಡ್ ಜೊತೆ ಎಲ್‌ಸೀಕ್ ಮಾಡಿದರೂ ಲಿನಕ್ಸ್‌ನಲ್ಲಿ ಸರಿಯಾದ ಗಾತ್ರ ಬರುತ್ತದೆ, ಮ್ಯಾಕ್‌ನಲ್ಲಿ ಅದನ್ನು ನಂಬಬೇಡಿ.

ಗಾತ್ರ ಯಾಕೆ ಮುಖ್ಯ ಅಂದರೆ, ಸಾಮಾನ್ಯ ಫೈಲಿನಲ್ಲಿ ಕೊನೆಯನ್ನು ದಾಟಿ ಎಷ್ಟು ದೂರಕ್ಕಾದರೂ ಸೀಕ್ ಮಾಡಬಹುದು, ಯಾರೂ ಕೇಳುವುದಿಲ್ಲ. ಬ್ಲಾಕ್ ಡಿವೈಸಿನಲ್ಲಿ ಗಾತ್ರಕ್ಕಿಂತ ಒಂದು ಬೈಟು ಮುಂದೆ ಹೋದರೂ ಎಲ್‌ಸೀಕ್ 22 ಕೊಡುತ್ತದೆ. ಸರಿಯಾಗಿ ಗಾತ್ರದಷ್ಟಕ್ಕೇ ಹೋದರೆ ಒಪ್ಪುತ್ತದೆ, ಅಲ್ಲಿ ರೀಡ್ 0 ಹಿಂದಿರುಗಿಸುತ್ತದೆ. ಫೈಲಿನ ಮೇಲೆ ಪರೀಕ್ಷಿಸಿದ ಪ್ರೋಗ್ರಾಂ ಡಿಸ್ಕಿನ ಮೇಲೆ ಬೀಳುವುದಕ್ಕೆ ಇದೊಂದು ದೊಡ್ಡ ಕಾರಣ.

ಅಡಿಕೆಸೀಮೆ:

ಗೆಟ್‌ಕಾನ್ಫ್ 32 ಅಂದಿತು. ಮ್ಯಾಕ್ರೊ ಮೇಕ್‌ಫೈಲಿಗೆ ಹಾಕಿದೆ, ಅಸರ್ಟ್ ದಾಟಿತು, ಕಾಸ್ಟ್ ಇದೆ. ಆದರೂ 4194304ರಲ್ಲೇ ದೋಷ ಎಂದು ನಿಲ್ಲುತ್ತದೆ. ಈ ಬಾರಿ ಪೆರರ್ ಮುದ್ರಿಸುವುದು "ಸಕ್ಸೆಸ್" ಎಂದು. ಸ್ಥಾನವನ್ನು ಪ್ರಿಂಟ್‌ಎಫ್‌ನಲ್ಲಿ %ಡಿ ಹಾಕಿ ನೋಡಿದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ.

ಕಾಳಿದಂಡೆ:

ದೋಷ ಎನ್ನುತ್ತದೆ, ಎರ‍್ನೊ "ಸಕ್ಸೆಸ್" ಎನ್ನುತ್ತದೆ ಅಂದರೆ ಕರ್ನಲ್ ತನ್ನ ಕೆಲಸ ಸರಿಯಾಗಿ ಮಾಡಿದೆ, ಉತ್ತರವನ್ನು ಹಿಡಿದುಕೊಳ್ಳುವಲ್ಲಿ ನಿಮ್ಮ ಕೋಡ್ ತಪ್ಪಿದೆ. ಎಲ್‌ಸೀಕ್ ಹಿಂದಿರುಗಿಸಿದ್ದನ್ನು ಇಂಟ್ ವೇರಿಯಬಲ್ಲಿಗೆ ಹಾಕಿ ಸೊನ್ನೆಗಿಂತ ಕಡಿಮೆಯೇ ಎಂದು ಕೇಳುತ್ತಿದ್ದೀರಿ, ಅಲ್ಲವೇ? ಗೆದ್ದ ಎಲ್‌ಸೀಕ್ ಹೊಸ ಸ್ಥಾನವನ್ನೇ ಹಿಂದಿರುಗಿಸುತ್ತದೆ, ಅಂದರೆ 2147483648. ಇಂಟ್‌ಗೆ ಬಿದ್ದೊಡನೆ ಅದು ಋಣ. ವೇರಿಯಬಲ್ ಆಫ್_ಟಿ ಆಗಲಿ, ಹೋಲಿಕೆ ಆಫ್_ಟಿಯ -1ರ ಜೊತೆ ಮಾತ್ರ ಇರಲಿ.

%ಡಿ ಕೂಡ ಅದೇ ಜಾತಿಯ ತಪ್ಪು. 64 ಬಿಟ್ ಮೌಲ್ಯ ಕೊಟ್ಟು %ಡಿ ಬರೆದರೆ ಅದರ ನಂತರದ ಆರ್ಗ್ಯುಮೆಂಟುಗಳೂ ಜಾಗ ತಪ್ಪುತ್ತವೆ. ಲಾಂಗ್ ಲಾಂಗ್‌ಗೆ ಕಾಸ್ಟ್ ಮಾಡಿ %ಎಲ್‌ಎಲ್‌ಡಿ ಹಾಕಿ. ಜಿಸಿಸಿಗೆ -ವಾಲ್ ಜೊತೆಗೆ -ಡಬ್ಲ್ಯೂಕನ್ವರ್ಷನ್ ಕೊಟ್ಟರೆ ಈ ಎರಡೂ ಸಾಲುಗಳನ್ನು ಅದೇ ತೋರಿಸಿಕೊಡುತ್ತದೆ. -ವಾಲ್ ಒಂದೇ ಸಾಲದು, ಇಂಟ್‌ಗೆ ಕತ್ತರಿಸುವುದರ ಬಗ್ಗೆ ಅದು ಬಾಯಿ ಬಿಡುವುದಿಲ್ಲ.

ಅಲ್ಲೇ ಯೂನಿಎಸ್‌ಟಿಡಿ ಹೆಡರ್ ಸೇರಿಸಿದ್ದೀರೋ ನೋಡಿ. ಹೆಡರ್ ಇಲ್ಲದಿದ್ದರೆ ಹಳೆಯ ಜಿಸಿಸಿ ಎಲ್‌ಸೀಕ್ ಇಂಟ್ ಕೊಡುತ್ತದೆ ಎಂದು ಊಹಿಸಿಕೊಂಡು ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಜಿಸಿಸಿ 14ರಿಂದ ಅದನ್ನು ದೋಷವನ್ನಾಗಿಯೇ ಮಾಡಿದ್ದಾರೆ, ಒಳ್ಳೆಯದಾಯಿತು.

ಊಹೆ ಬಿಟ್ಟು ಕಣ್ಣಾರೆ ನೋಡಬೇಕೆಂದರೆ ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಓಡಿಸಿ. 32 ಬಿಟ್ ಪ್ರೋಗ್ರಾಂನಲ್ಲಿ ಆ ಕರೆ _ಎಲ್‌ಎಲ್‌ಸೀಕ್ ಎಂಬ ಹೆಸರಲ್ಲಿ ಕಾಣುತ್ತದೆ. ಅಲ್ಲಿ -2147483648 ಕಂಡರೆ ಸಂಖ್ಯೆ ಕರ್ನಲ್ ತಲುಪುವ ಮೊದಲೇ ಕೆಟ್ಟಿದೆ. ಧನ 2147483648 ಇದ್ದು ಕರೆ ಗೆದ್ದಿದ್ದರೆ ಹಿಂದಿರುಗುವಾಗ ಕೆಟ್ಟಿದೆ. ನಿಮ್ಮ ಮೊದಲ ಸಮಸ್ಯೆ ಆ ಮೊದಲನೆಯದು, ಈಗಿನದು ಎರಡನೆಯದು.

ಹೊನ್ನಾವರ64:

ಎಲ್‌ಸೀಕ್ ಜೊತೆ ರೀಡ್ ಬದಲು ಪಿರೀಡ್ ಬಳಸಿ ಎಂದು ನಾನು ಒತ್ತಿ ಹೇಳುತ್ತೇನೆ. ಸ್ಥಾನವನ್ನು ಪ್ರತಿ ಸಲ ಕೈಯಾರೆ ಕೊಡುವುದರಿಂದ, ರೀಡ್ ಸೋತಾಗ ಸ್ಥಾನ ಎಲ್ಲಿ ನಿಂತಿತು ಎಂಬ ಪ್ರಶ್ನೆಯೇ ಬರುವುದಿಲ್ಲ. ಆ ಸ್ಥಾನವನ್ನು ಸ್ಟ್ಯಾಂಡರ್ಡ್ ನಿಗದಿ ಮಾಡಿಲ್ಲ, ನಂಬಿ ಮುಂದುವರಿದರೆ ಕೆಟ್ಟ ಸೆಕ್ಟರಿನ ನಂತರದ ಎಲ್ಲ ಲೆಕ್ಕವೂ ಸರಿದುಹೋಗಬಹುದು. ಪಿರೀಡ್ ಕೂಡ ಆಫ್_ಟಿ ತೆಗೆದುಕೊಳ್ಳುವುದರಿಂದ ಮೇಲಿನ ಮ್ಯಾಕ್ರೊ ಅದಕ್ಕೂ ಬೇಕು.

512 ಬೈಟು ಓದುವುದನ್ನೂ ಬಿಡಿ, ಒಂದು ಸಲಕ್ಕೆ 1048576 ಬೈಟು ಓದಿ. ನಿಮ್ಮ ಡಿಸ್ಕಿನ 1000204886016 ಬೈಟು ಇದರಿಂದ ಸರಿಯಾಗಿ ಭಾಗವಾಗುವುದಿಲ್ಲ, ಕೊನೆಯ ಓದು 745472 ಬೈಟಿಗೆ ನಿಲ್ಲುತ್ತದೆ. ಅದನ್ನು ದೋಷ ಎಂದು ಎಣಿಸಬೇಡಿ. ನಡುವೆ ಎಲ್ಲಾದರೂ ಕಡಿಮೆ ಬಂದರೆ ಮಾತ್ರ ಅನುಮಾನಿಸಿ: ಕೆಟ್ಟ ಜಾಗದ ತನಕ ಸಿಕ್ಕಿದ್ದನ್ನು ಕೊಟ್ಟು, ಮುಂದಿನ ಓದಿಗೆ ಎರ‍್ನೊ 5 ಕೊಡುವುದು ಕರ್ನಲ್‌ನ ಕ್ರಮ. ಆಗ ಆ 1 ಎಂಬಿಯನ್ನು 4096ರ ತುಂಡುಗಳಲ್ಲಿ ಮತ್ತೆ ಓದಿ, ಸೋತ ತುಂಡಿನ ಜಾಗಕ್ಕೆ ಸೊನ್ನೆ ತುಂಬಿ ಮುಂದೆ ಸಾಗಿ. ಸೋತ ತುಂಡುಗಳು ಹತ್ತಾರು ಆದವೋ, ನಿಮ್ಮ ಪ್ರೋಗ್ರಾಂ ನಿಲ್ಲಿಸಿ ಮೊದಲು ಜಿಎನ್‌ಯು ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕಿನ ಇಮೇಜ್ ತೆಗೆದುಕೊಳ್ಳಿ. ಸಾಯುತ್ತಿರುವ ಡಿಸ್ಕಿನ ಮೇಲೆ ಪ್ರಯೋಗ ಮಾಡಬಾರದು.

ವೇಗಕ್ಕೆಂದು, ಕರ್ನಲ್‌ನ ಕ್ಯಾಶ್ ದಾಟಿ ಓದುವ ಓ_ಡೈರೆಕ್ಟ್ ಫ್ಲ್ಯಾಗ್ ಹಾಕುವ ಆಸೆ ಬರುತ್ತದೆ. ಹಾಕಿದರೆ ಸ್ಥಾನ, ಉದ್ದ, ಬಫರಿನ ವಿಳಾಸ ಮೂರೂ ಲಾಜಿಕಲ್ ಸೆಕ್ಟರಿನ ಗುಣಕವಾಗಿರಬೇಕು. ಒಂದು ತಪ್ಪಿದರೂ ಮತ್ತೆ ಅದೇ 22, ಆದರೆ ರೀಡ್‌ನಲ್ಲಿ. ಮ್ಯಾಲಾಕ್ ಕೊಟ್ಟ ವಿಳಾಸ ಸಾಲದು, ಪೊಸಿಕ್ಸ್ ಮೆಮ್‌ಅಲೈನ್‌ಗೆ 4096 ಕೊಡಿ. ಈ ಕೆಲಸಕ್ಕೆ ಅದು ಅಗತ್ಯ ಎಂದು ನನಗನ್ನಿಸುವುದಿಲ್ಲ.

512 ಎಂಬುದನ್ನೂ ಕೋಡಿನಲ್ಲಿ ಕೆತ್ತಿಡಬೇಡಿ, ಬಿಎಲ್‌ಕೆ ಎಸ್‌ಎಸ್‌ಝಡ್ ಗೆಟ್ ಐಆಕ್ಟಲ್‌ನಿಂದ ಕೇಳಿ. ಕೆಲವು ಯುಎಸ್‌ಬಿ ಡಾಕ್‌ಗಳು 2 ಟಿಬಿಗಿಂತ ದೊಡ್ಡ ಡಿಸ್ಕನ್ನು 4096 ಬೈಟಿನ ಸೆಕ್ಟರಿನದ್ದೆಂದು ತೋರಿಸುತ್ತವೆ. ಅದೇ ಡಿಸ್ಕನ್ನು ಸಾಟಾಗೆ ನೇರ ಹಾಕಿದರೆ 512. ಅಂಥ ಕಡೆ ಪಾರ್ಟಿಷನ್ ಟೇಬಲಿನ ಸಂಖ್ಯೆಗಳನ್ನು ಯಾವ ಅಳತೆಯಿಂದ ಗುಣಿಸುತ್ತೀರಿ ಎನ್ನುವುದರ ಮೇಲೆ 8 ಪಟ್ಟು ವ್ಯತ್ಯಾಸವಾಗುತ್ತದೆ. 2 ಟಿಬಿ ಡಿಸ್ಕಿನಲ್ಲಿ 3907029168 ಸೆಕ್ಟರ್ ಇರುವುದರಿಂದ ಸೆಕ್ಟರ್ ಸಂಖ್ಯೆಯೇ ಇಂಟ್‌ಗೆ ಹಿಡಿಸದು, ಹಾಗಾಗಿ ಅದನ್ನೂ ಈಗಲೇ ಯೂಇಂಟ್64_ಟಿ ಮಾಡಿಬಿಡಿ.

ನಮ್ಮ ಕರಾವಳಿ ಕಡೆಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಕರೆಂಟು ಕ್ಷಣ ಹೋಗಿ ಬಂದರೂ ಡಾಕ್ ರೀಸೆಟ್ ಆಗುತ್ತದೆ, ಪೈ ಮಾತ್ರ ಯುಪಿಎಸ್ ಮೇಲಿದ್ದು ಡಾಕ್ ಇಲ್ಲದಿದ್ದರೆ ಇದು ಖಂಡಿತ. ಡಿಸ್ಕ್ ಮರಳಿದಾಗ ಎಸ್‌ಡಿಎ ಇದ್ದದ್ದು ಎಸ್‌ಡಿಬಿ ಆಗಿರಬಹುದು, ಹಳೆಯ ಡಿಸ್ಕ್ರಿಪ್ಟರ್‌ನಲ್ಲಿ ಓದಿದ್ದೆಲ್ಲ ಸೋಲುತ್ತದೆ. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ "ಯುಎಸ್‌ಬಿ ಡಿಸ್‌ಕನೆಕ್ಟ್" ಸಾಲು ಇದ್ದರೆ ಅದು ಕೆಟ್ಟ ಸೆಕ್ಟರ್ ಅಲ್ಲ. ಹೆಸರು ಬದಲಾಗದ ಡೆವ್ ಕೆಳಗಿನ ಡಿಸ್ಕ್/ಬೈ-ಐಡಿ ಡೈರೆಕ್ಟರಿಯ ಹಾದಿಯಿಂದಲೇ ತೆರೆಯಿರಿ, ಡಾಕ್‌ನ 12 ವೋಲ್ಟ್ ಅಡಾಪ್ಟರನ್ನೂ ಯುಪಿಎಸ್‌ಗೆ ಹಾಕಿ. 2.5 ಇಂಚಿನ ಡಿಸ್ಕಿನವರು ಪೈ 4ರ ಯುಎಸ್‌ಬಿ ಪೋರ್ಟುಗಳೆಲ್ಲ ಸೇರಿ 1.2 ಆಂಪಿಯರ್ ಮಾತ್ರ ಕೊಡುತ್ತವೆ ಎನ್ನುವುದನ್ನು ನೆನಪಿಡಿ. ಉಪ್ಪುಗಾಳಿಗೆ ಕಿಲುಬು ಹಿಡಿದ ಯುಎಸ್‌ಬಿ ಕನೆಕ್ಟರೂ ಇದೇ ಲಕ್ಷಣ ತೋರಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಒಣಗಿಸಿ ಹಾಕಿ.

ವಿಂಡೋಸ್‌ನಲ್ಲಿ ಮಾಡುವವರಿಗೆ ಚಿಕ್ಕದಾಗಿ: ಅಲ್ಲಿ 64 ಬಿಟ್ ಪ್ರೋಗ್ರಾಂನಲ್ಲೂ ಲಾಂಗ್ 32 ಬಿಟ್ಟೇ. ಕ್ರಿಯೇಟ್‌ಫೈಲ್ ಮತ್ತು ಸೆಟ್‌ಫೈಲ್‌ಪಾಯಿಂಟರ್‌ಎಕ್ಸ್ ಬಳಸಿ. ಓದುವ ಸ್ಥಾನ, ಉದ್ದ ಸೆಕ್ಟರಿನ ಗುಣಕವಾಗಿರದಿದ್ದರೆ ದೋಷ 87, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸದಿದ್ದರೆ ದೋಷ 5.

ಕುಮಟೆ_ಸಿ:

ಅಸಲಿ ಡಿಸ್ಕಿಗೆ ಕೈ ಹಾಕುವ ಮೊದಲು ಇದನ್ನೆಲ್ಲ ಲೂಪ್ ಡಿವೈಸಿನ (ಡಿಸ್ಕಿನಂತೆ ಕಾಣುವ ಫೈಲಿನ) ಮೇಲೆ ಪರೀಕ್ಷಿಸಿ. "ಟ್ರಂಕೇಟ್ -ಎಸ್ 6ಜಿ" ಕೊಟ್ಟು ಟೊಳ್ಳು ಫೈಲ್ ಮಾಡಿ, "ಲೋಸೆಟಪ್ -ಎಫ್ --ಶೋ" ಕೊಟ್ಟು ಡಿವೈಸ್ ಮಾಡಿ. ಎಕ್ಸ್ಟ್4ನಲ್ಲಿ ಅದು ಜಾಗವನ್ನೇ ತಿನ್ನುವುದಿಲ್ಲ. ಫ್ಯಾಟ್32 ಪೆನ್‌ಡ್ರೈವಿನಲ್ಲಿ ಪ್ರಯತ್ನಿಸಬೇಡಿ, ಅಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಸೆಕ್ಟರ್ 0, 4194303, 4194304, 8388607, 8388608, ಕೊನೆಯ 12582911 ಇಷ್ಟರಲ್ಲಿ ಅದರದರ ಸಂಖ್ಯೆಯನ್ನೇ ಡಿಡಿ ಆಜ್ಞೆಯಿಂದ ಬರೆಯಿರಿ, ನಿಮ್ಮ ಪ್ರೋಗ್ರಾಂನಿಂದಲ್ಲ. ಬರೆಯುವುದೂ ಓದುವುದೂ ಒಂದೇ ತಪ್ಪು ಲೆಕ್ಕ ಮಾಡಿದರೆ ಪರೀಕ್ಷೆ ಪಾಸಾಗಿಬಿಡುತ್ತದೆ. ಆಮೇಲೆ 12582912ಕ್ಕೆ ಹೋಗಿ ರೀಡ್ 0 ಬರುತ್ತದೆಯೇ, 12582913ಕ್ಕೆ ಎಲ್‌ಸೀಕ್ 22 ಕೊಡುತ್ತದೆಯೇ ನೋಡಿ.

ಕೆಟ್ಟ ಸೆಕ್ಟರನ್ನೂ ಹೀಗೇ ಸೃಷ್ಟಿಸಬಹುದು. ಕಾಲ್ಪನಿಕ ಡಿಸ್ಕ್ ಕಟ್ಟುವ ಡಿಎಂಸೆಟಪ್‌ಗೆ ಮೂರು ಸಾಲಿನ ಟೇಬಲ್ ಕೊಡಿ: 0ಯಿಂದ 9000000 ಸೆಕ್ಟರ್ ಲೀನಿಯರ್, 9000000ದಿಂದ 8 ಸೆಕ್ಟರ್ ಎರರ್, 9000008ರಿಂದ ಉಳಿದ 3582904 ಮತ್ತೆ ಲೀನಿಯರ್. ಪ್ರೋಗ್ರಾಂ ಒಂದೇ ಒಂದು 4096ರ ತುಂಡು ಕಳೆದುಕೊಂಡು ಮುಂದೆ ಸಾಗಬೇಕು.

ಅಡಿಕೆಸೀಮೆ:

ಲೂಪ್ ಡಿವೈಸಿನಲ್ಲಿ ಆರೂ ಗುರುತು ಸರಿಯಾಗಿ ಬಂದವು, 12582913ಕ್ಕೆ 22 ಬಂತು. ಅಸಲಿ ಡಿಸ್ಕಿನಲ್ಲಿ 4194304 ದಾಟಿತು, 8388608ರಲ್ಲಿ ಡಿಡಿ ಕೊಟ್ಟ ಬೈಟುಗಳೇ ನನ್ನ ಪ್ರೋಗ್ರಾಂನಲ್ಲೂ ಬಂದವು. ಕೊನೆಯ ಓದು 745472 ಬೈಟು. ಈಗ ಉಳಿದಿರುವುದು ಹುಡುಕಾಟ ಮಾತ್ರ. ಎಲ್ಲರಿಗೂ ಧನ್ಯವಾದ.

ಕಾಳಿದಂಡೆ:

ಹುಡುಕಾಟದಲ್ಲಿ ಒಂದು: ಆ ಐದು ಬೈಟು ಎರಡು ಓದುಗಳ ಗಡಿಯಲ್ಲಿ ಹರಿದು ಬೀಳಬಹುದು. ಪ್ರತಿ ಬಫರಿನ ಕೊನೆಯ 4 ಬೈಟನ್ನು ಮುಂದಿನ ಬಫರಿನ ತಲೆಗೆ ಸೇರಿಸಿ ಹುಡುಕಿ, ಸಿಕ್ಕ ಜಾಗದ ಲೆಕ್ಕ ಹಾಕುವಾಗ ಆ 4ನ್ನು ಕಳೆಯಿರಿ. ಆ ಲೆಕ್ಕವೂ ಆಫ್_ಟಿಯಲ್ಲೇ ಇರಲಿ.